ಟ್ಯೂಬ್ ತೆಗೆದ ಮೇಲೆ



ಐಸಿಯು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತವರು ಮೊದಲ ದಿನ ಕೇಳುವುದು, 'ವೆಂಟಿಲೇಟರ್ ಹಾಕ್ಲೇಬೇಕಾ ಡಾಕ್ಟ್ರೇ?' ಎಂದು. ಮೂರನೆಯ ದಿನದ ಹೊತ್ತಿಗೆ ಆ ಪ್ರಶ್ನೆ, 'ಯಾವಾಗ ತೆಗೀತೀರಿ?' ಎಂದಾಗಿರುತ್ತದೆ. ಹಾಕುವ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಎಂದೂ ಅಷ್ಟು ಕಷ್ಟವಾಗಿಲ್ಲ. ಉಸಿರು ಸೋಲುತ್ತಿರುವ ಮನುಷ್ಯನ ಎದುರು ನಿಂತಾಗ ಯೋಚಿಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ತೆಗೆಯುವ ಪ್ರಶ್ನೆ ಬಂದಾಗ ಮಾತ್ರ ಇಷ್ಟು ವರ್ಷಗಳ ಮೇಲೂ ತಡವರಿಸುತ್ತೇನೆ. ವೈದ್ಯಕೀಯ ವಿಷಯವನ್ನು ಮನೆಯಲ್ಲಿ ಆಡುವ ಕನ್ನಡದಲ್ಲೇ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತಂತೆ. ಹಾಗಾದರೆ ನಾನು ತಡವರಿಸುವ ವಿಷಯವನ್ನೇ ಹೇಳಿಬಿಡೋಣ ಅನ್ನಿಸಿತು. ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ 'ಎಚ್‌ಎಫ್‌ಎನ್‌ಸಿ' ಎಂಬ ಅಕ್ಷರಗಳನ್ನು ನೀವೆಲ್ಲ ಓದಿದ್ದೀರಿ. ನಾವು ವಾರ್ಡಿನಲ್ಲಿ 'ಹೈ ಫ್ಲೋ' ಎನ್ನುವ ಯಂತ್ರ ಅದು. ಮೂಗಿನ ಮೂಲಕ ಬೆಚ್ಚಗಿನ, ಒದ್ದೆಯಾದ ಆಮ್ಲಜನಕವನ್ನು ರಭಸವಾಗಿ ಕೊಡುವ ಸಾಧನ. ವೆಂಟಿಲೇಟರ್ ತಪ್ಪಿಸುವ ಯಂತ್ರ ಎಂದು ಅದು ಹೆಸರಾಯಿತು. ನಾನು ಹೇಳಲು ಹೊರಟಿರುವುದು ಅದರ ಇನ್ನೊಂದು ಕೆಲಸವನ್ನು, ವೆಂಟಿಲೇಟರಿನಿಂದ ಇಳಿದು ಬರುವವರಿಗೆ ಅದು ಹೇಗೆ ಒದಗುತ್ತದೆ ಎಂಬುದನ್ನು.

ತೆಗೆಯುವ ಕೆಲಸಕ್ಕೆ ನಮ್ಮಲ್ಲಿ 'ವೀನಿಂಗ್' ಎನ್ನುತ್ತೇವೆ. ಮಗುವಿಗೆ ಮೊಲೆಹಾಲು ಬಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಹಾಲು ಬಿಡಿಸುವ ವಿಚಾರದಲ್ಲಿ ನಮ್ಮ ಅಜ್ಜಿಯರಲ್ಲೇ ಎರಡು ಪಂಗಡಗಳಿದ್ದವು. ಒಬ್ಬರು ದಿನಕ್ಕೊಂದು ಹೊತ್ತು ಕಡಿಮೆ ಮಾಡುತ್ತ ಬರುವವರು. ಇನ್ನೊಬ್ಬರು ಬೇವಿನ ಸೊಪ್ಪು ಅರೆದು ಹಚ್ಚಿ ಒಂದೇ ದಿನಕ್ಕೆ ಮುಗಿಸುವವರು. ವೆಂಟಿಲೇಟರ್ ಬಿಡಿಸುವ ವೈದ್ಯರಲ್ಲೂ ಬಹಳ ಕಾಲ ಇದೇ ಜಗಳವಿತ್ತು. ಯಂತ್ರ ನಿಮಿಷಕ್ಕೆ ಕೊಡುವ ಉಸಿರನ್ನು ಹತ್ತರಿಂದ ಎಂಟಕ್ಕೆ, ಎಂಟರಿಂದ ಆರಕ್ಕೆ ಇಳಿಸುತ್ತ ಹೋಗುವುದು ಒಂದು ದಾರಿ. ದಿನಕ್ಕೊಮ್ಮೆ ಯಂತ್ರದ ನೆರವು ಬಿಡಿಸಿ, ರೋಗಿ ತಾನಾಗಿಯೇ ಉಸಿರಾಡುತ್ತಾನೋ ಎಂದು ಪಕ್ಕದಲ್ಲೇ ನಿಂತು ನೋಡುವುದು ಇನ್ನೊಂದು. 1995ರಲ್ಲಿ ಸ್ಪೇನಿನ ಆಂಡ್ರೆಸ್ ಎಸ್ಟೆಬಾನ್ ಮತ್ತು ಜೊತೆಗಾರರು ಈ ವಿಧಾನಗಳನ್ನು ಮುಖಾಮುಖಿ ನಿಲ್ಲಿಸಿ ನೋಡಿದರು. ದಿನಕ್ಕೊಮ್ಮೆ ಬಿಟ್ಟು ನೋಡುವ ವಿಧಾನದಲ್ಲಿ, ವೆಂಟಿಲೇಟರಿಗಾಗಿ ಗಂಟಲಿನೊಳಗೆ ಇಳಿಸಿದ ಟ್ಯೂಬ್ ತೆಗೆಯುವುದು, ಉಸಿರಿನ ಎಣಿಕೆ ಇಳಿಸುವ ವಿಧಾನಕ್ಕಿಂತ ಸುಮಾರು ಮೂರು ಪಟ್ಟು ಬೇಗ ಸಾಧ್ಯವಾಯಿತು. ಬೇವಿನ ಸೊಪ್ಪಿನ ಅಜ್ಜಿ ಗೆದ್ದರು ಎನ್ನಿ. ಸಂಜೆವರೆಗೆ ಮಗು ಅಳುತ್ತದೆ ಎಂಬುದನ್ನು ಮಾತ್ರ ಆ ಅಜ್ಜಿ ಯಾರಿಗೂ ಹೇಳುತ್ತಿರಲಿಲ್ಲ. ಆ ಸಂಜೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಅವಸರ ಯಾಕೆ, ಯಂತ್ರ ಇನ್ನೆರಡು ದಿನ ಇದ್ದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿಕೊಂಡಿರುವ ಸ್ನಾಯು ವಪೆ. ಹುಟ್ಟಿದ ಗಳಿಗೆಯಿಂದ ಒಂದು ನಿಮಿಷವೂ ರಜೆ ಪಡೆಯದ ಸ್ನಾಯು ಅದು. ವೆಂಟಿಲೇಟರ್ ಪೂರ್ತಿ ಕೆಲಸ ವಹಿಸಿಕೊಂಡಾಗ ಅದಕ್ಕೆ ಮೊದಲ ಸಲ ರಜೆ ಸಿಗುತ್ತದೆ. ಮಿದುಳು ಸತ್ತು ಅಂಗದಾನಕ್ಕೆ ಸಿದ್ಧರಾಗಿದ್ದವರ ವಪೆಯ ಎಳೆಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಬರಹವೊಂದಿದೆ. ಅವರೆಲ್ಲ ವೆಂಟಿಲೇಟರಿನ ಮೇಲೆ ಇದ್ದದ್ದು 18ರಿಂದ 69 ಗಂಟೆ. ಅಷ್ಟರಲ್ಲೇ ಆ ಎಳೆಗಳ ದಪ್ಪಳತೆ ಅರ್ಧಕ್ಕಿಂತ ಕಡಿಮೆಗೆ ಕುಗ್ಗಿತ್ತು. ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡವರ ತೋಳು ಸೊರಗಲು ವಾರಗಳು ಬೇಕು. ವಪೆಗೆ ಮೂರು ದಿನ ಸಾಕು. ಇದರ ಜೊತೆಗೆ ಟ್ಯೂಬಿನ ದಾರಿಯಲ್ಲಿ ಇಳಿಯುವ ಸೋಂಕು, ನಿದ್ದೆಯ ಔಷಧಿಯ ಮಬ್ಬು, ಹಾಸಿಗೆಯಲ್ಲೇ ಕರಗುವ ಕಾಲುಗಳು. ಹಾಗಾಗಿ ಯಂತ್ರ ಕೊಡುವ ಒಂದೊಂದು ಹೆಚ್ಚುವರಿ ದಿನವೂ ಸಾಲದ ಹಾಗೆ, ಬಡ್ಡಿ ಬೆಳೆಯುತ್ತಿರುತ್ತದೆ.

ಆದರೆ ಅವಸರಪಟ್ಟು ತೆಗೆದು ಮತ್ತೆ ಹಾಕಬೇಕಾಗಿ ಬಂದರೆ? ಅದು ಇನ್ನೂ ದುಬಾರಿ. ಸರಿಯಾಗಿ ಪರೀಕ್ಷಿಸಿ, ತೇರ್ಗಡೆ ಮಾಡಿ ಟ್ಯೂಬ್ ತೆಗೆದವರಲ್ಲೂ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಕೆಲವೇ ದಿನಗಳಲ್ಲಿ ಅದನ್ನು ಮರಳಿ ಹಾಕಬೇಕಾಗುತ್ತದೆ. ಹಾಗೆ ಮರಳಿದವರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು. ಬೇಗ ತೆಗೆದರೆ ಒಂದು ಅಪಾಯ, ತಡ ಮಾಡಿದರೆ ಇನ್ನೊಂದು. ನಾನು ತಡವರಿಸುವುದು ಈ ಎರಡರ ಮಧ್ಯೆ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ಇಪ್ಪತ್ತಾರರ ಪ್ರಾಯ, ರಾಗಿ-ಅವರೆ ಬೆಳೆಯುವ ಕಡೆಯವನು. ಮನೆಯಲ್ಲಿ ಏನೋ ಮಾತಿಗೆ ಮಾತು ಬೆಳೆದು, ನಮ್ಮಲ್ಲಿ ಹೇಳುವ ಹಾಗೆ 'ಔಷಧಿ ಕುಡಿದು' ಬಂದಿದ್ದ. ಹೊಲಕ್ಕೆ ಹೊಡೆಯುವ ವಿಷಕ್ಕೆ ನಾವು ಔಷಧಿ ಎನ್ನುತ್ತೇವಲ್ಲ, ಅದೊಂದು ವಿಚಿತ್ರ. ಪಾಶ್ಚಾತ್ಯ ಪುಸ್ತಕಗಳಲ್ಲಿ ವೆಂಟಿಲೇಟರ್ ರೋಗಿಯೆಂದರೆ ವಯಸ್ಸಾದ, ಹೃದಯವೋ ಶ್ವಾಸಕೋಶವೋ ಕೆಟ್ಟ ಮನುಷ್ಯ. ನಮ್ಮ ವಾರ್ಡುಗಳಲ್ಲಿ ಗಟ್ಟಿ ಶ್ವಾಸಕೋಶದ ಎಳೆಯರೂ ಸಾಕಷ್ಟು ಇರುತ್ತಾರೆ: ವಿಷ ಕುಡಿದವರು, ಕಟ್ಟುಹಾವು ಕಚ್ಚಿದವರು, ಬೈಕಿನಿಂದ ಬಿದ್ದವರು. ಕೀಟನಾಶಕದ ವಿಷದಲ್ಲಿ ಮೊದಲ ದಿನದ ಜೊಲ್ಲು, ಬೆವರು, ನಡುಕವೆಲ್ಲ ಇಳಿದು ಇನ್ನೇನು ಗೆದ್ದೆವು ಎನ್ನುವ ಹೊತ್ತಿಗೆ, ಒಂದರಿಂದ ನಾಲ್ಕನೆಯ ದಿನದೊಳಗೆ, ಕತ್ತು ಮತ್ತು ಉಸಿರಿನ ಸ್ನಾಯುಗಳು ಸೋಲುವ ಒಂದು ಘಟ್ಟವಿದೆ. ಇದನ್ನು 1987ರಲ್ಲಿ ಜಗತ್ತಿಗೆ ಸ್ಪಷ್ಟವಾಗಿ ವಿವರಿಸಿದವರು ಪಕ್ಕದ ಶ್ರೀಲಂಕಾದ ವೈದ್ಯರು, ಸೇನಾನಾಯಕೆ ಮತ್ತು ಕರಲಿಯೆದ್ದೆ. ಅದನ್ನು ಗುರುತಿಸುವ ಪರೀಕ್ಷೆಗೆ ಯಂತ್ರವೇ ಬೇಡ. 'ದಿಂಬಿನಿಂದ ತಲೆ ಎತ್ತಪ್ಪ' ಎಂದರೆ ಸಾಕು. ಈ ಹುಡುಗ ಎರಡನೆಯ ದಿನ ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿದ್ದ, ಹೇಳಿದ್ದು ಅರ್ಥವೂ ಆಗುತ್ತಿತ್ತು, ತಲೆ ಮಾತ್ರ ಒಂದಿಂಚೂ ಮೇಲೇಳಲಿಲ್ಲ. ಟ್ಯೂಬ್ ಹಾಕಿದೆವು.

ಆಮೇಲೆ ದಿನಾ ಬೆಳಿಗ್ಗೆ ಅದೇ ಮಾತು. ತಲೆ ಎತ್ತಪ್ಪ. ನಾಲ್ಕು ದಿನ ಹುಬ್ಬು ಮಾತ್ರ ಎತ್ತುತ್ತಿದ್ದ. ಆರನೆಯ ದಿನ ತಲೆ ಎದ್ದಿತು. ಸಿಸ್ಟರ್ ಗೋಡೆ ಗಡಿಯಾರ ನೋಡಿ ಐದು ಸೆಕೆಂಡು ಎಣಿಸಿದರು. ಆ ದಿನ ನೆರವನ್ನು ಇಳಿಸಿ ಅರ್ಧ ಗಂಟೆ ಅವನ ಉಸಿರಿನ ಮೇಲೇ ಬಿಟ್ಟೆವು. ಈ ಅರ್ಧ ಗಂಟೆ ಎಂಬುದನ್ನು ನಾವು ಬಾಯಿಗೆ ಬಂದ ಹಾಗೆ ಹೇಳುವುದಿಲ್ಲ. ಎರಡು ಗಂಟೆಯ ಕಠಿಣ ಪರೀಕ್ಷೆಗಿಂತ ಅರ್ಧ ಗಂಟೆಯ ಸೌಮ್ಯ ಪರೀಕ್ಷೆಯಲ್ಲಿ ಹೆಚ್ಚು ಜನ ಟ್ಯೂಬಿನಿಂದ ಸುರಕ್ಷಿತವಾಗಿ ಹೊರಬರುತ್ತಾರೆ ಎಂದು 2019ರಲ್ಲಿ ಸ್ಪೇನಿನವರೇ 1,153 ರೋಗಿಗಳಲ್ಲಿ ತೋರಿಸಿದ್ದಾರೆ. ಪರೀಕ್ಷೆಯಲ್ಲೇ ದಣಿಸಿಬಿಟ್ಟರೆ ತೇರ್ಗಡೆಯಾಗಿ ಏನು ಬಂತು!

ಇನ್ನೊಂದು ಸಣ್ಣ ಪರೀಕ್ಷೆ ನನಗೆ ಬಹಳ ಪ್ರಿಯ. ಬಿಳಿ ಕಾರ್ಡೊಂದನ್ನು ಟ್ಯೂಬಿನ ಬಾಯಿಗೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಹಿಡಿದು, 'ಕೆಮ್ಮು, ಇನ್ನೊಂದ್ಸಲ ಕೆಮ್ಮು' ಎನ್ನುವುದು. ಮೂರು ನಾಲ್ಕು ಕೆಮ್ಮಿಗೂ ಕಾರ್ಡಿನ ಮೇಲೆ ಹನಿ ಬೀಳದಿದ್ದರೆ ಟ್ಯೂಬ್ ತೆಗೆದ ಮೇಲೆ ಸೋಲುವ ಸಂಭವ ಮೂರು ಪಟ್ಟು ಎಂದು 2001ರ ಒಂದು ಅಧ್ಯಯನ ಹೇಳಿತು. ಇವನ ಕೆಮ್ಮಿಗೆ ಕಾರ್ಡು ಒದ್ದೆಯಾಗಿದ್ದಷ್ಟೇ ಅಲ್ಲ, ನನ್ನ ಕನ್ನಡಕವೂ ಒದ್ದೆಯಾಯಿತು.

ಇನ್ನು ಟ್ಯೂಬ್ ತೆಗೆಯುವ ಆ ಗಳಿಗೆ. ಬಾಯಿ, ಗಂಟಲು ಸಕ್ಷನ್ ಮಾಡಿ, ಟ್ಯೂಬಿನ ತುದಿಯ ಬಲೂನಿನ ಗಾಳಿ ಇಳಿಸಿ, ಕೆಮ್ಮಿಸಿ ಎಳೆದರೆ ಒಂದೇ ಸೆಕೆಂಡಿನ ಕೆಲಸ. ಆದರೆ ಆ ಸೆಕೆಂಡಿನಲ್ಲಿ ದೇಹಕ್ಕೆ ಏನೇನಾಗುತ್ತದೆ ನೋಡಿ. ಅಷ್ಟು ದಿನ ಶ್ವಾಸಕೋಶದ ಗಾಳಿಗೂಡುಗಳನ್ನು ಒಳಗಿನಿಂದ ಹಿಗ್ಗಿಸಿ ಹಿಡಿದಿದ್ದ ಒತ್ತಡ ಹೋಯಿತು. ಎದೆಯೊಳಗಿನ ಒತ್ತಡ ಇಳಿದದ್ದೇ ಹೃದಯಕ್ಕೆ ಮರಳುವ ರಕ್ತ ಹೆಚ್ಚಾಯಿತು. ಹೃದಯ ದುರ್ಬಲವಾಗಿದ್ದರೆ ಅದರಿಂದಲೇ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಟ್ಯೂಬ್ ಉಜ್ಜಿದ ಗಂಟಲು ಬಾತಿರುತ್ತದೆ. ಕಫವನ್ನು ಇನ್ನು ತಾನೇ ಕೆಮ್ಮಿ ಹೊರಹಾಕಬೇಕು. ಇಷ್ಟೆಲ್ಲ ಹೊರೆ ಒಟ್ಟಿಗೆ ಬಿದ್ದಾಗ ನಾವು ಹಿಂದೆ ಕೊಡುತ್ತಿದ್ದದ್ದೇನು? ಮುಖಕ್ಕೊಂದು ಪ್ಲಾಸ್ಟಿಕ್ ಮಾಸ್ಕ್, ಗೋಡೆಯ ಪೈಪಿನಿಂದ ನಿಮಿಷಕ್ಕೆ ಆರು ಲೀಟರ್ ಆಮ್ಲಜನಕ.

ಆರು ಲೀಟರ್ ಎಂದರೆ ಎಷ್ಟು? ಈಗ ಸುಮ್ಮನೆ ಕುಳಿತಿರುವ ನೀವು ಉಸಿರೆಳೆದುಕೊಳ್ಳುವ ವೇಗವೇ, ಎಳೆಯುವ ಆ ಕ್ಷಣದಲ್ಲಿ, ನಿಮಿಷಕ್ಕೆ ಸುಮಾರು ಮೂವತ್ತು ಲೀಟರಿನ ಲೆಕ್ಕದಲ್ಲಿರುತ್ತದೆ. ಏದುಸಿರು ಬಿಡುತ್ತಿರುವವನದು ಅರವತ್ತನ್ನೂ ದಾಟುತ್ತದೆ. ಅವನಿಗೆ ಆರು ಲೀಟರ್ ಕೊಟ್ಟರೆ ಉಳಿದದ್ದನ್ನು ಮಾಸ್ಕಿನ ಸಂದಿಗಳಿಂದ ಕೋಣೆಯ ಗಾಳಿಯಾಗಿ ಎಳೆದುಕೊಳ್ಳುತ್ತಾನೆ. ಕೊಡದ ನೀರಿಗೆ ಒಂದು ಲೋಟ ಹಾಲು ಸುರಿದ ಹಾಗೆ. ಯಾರಿಗೆ ಹೆಚ್ಚು ಆಮ್ಲಜನಕ ಬೇಕೋ ಅವರೇ ಹೆಚ್ಚು ನೀರು ಬೆರೆಸಿಕೊಳ್ಳುತ್ತಾರೆ.

ಹೈ ಫ್ಲೋ ಯಂತ್ರ ನಿಮಿಷಕ್ಕೆ ಅರವತ್ತು ಲೀಟರಿನವರೆಗೆ ಕೊಡಬಲ್ಲದು. ರೋಗಿ ಎಳೆಯುವಷ್ಟನ್ನೂ ಯಂತ್ರವೇ ಒದಗಿಸುವುದರಿಂದ ನಾವು ನಲವತ್ತು ಪ್ರತಿಶತ ಆಮ್ಲಜನಕ ಎಂದು ಇಟ್ಟರೆ ಹೆಚ್ಚುಕಡಿಮೆ ನಲವತ್ತೇ ಒಳಗೆ ಹೋಗುತ್ತದೆ. ಇದು ಮೊದಲ ಲಾಭ. ಎರಡನೆಯದು ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. ನಾವು ಒಂದು ಸಲಕ್ಕೆ ಎಳೆಯುವ ಸುಮಾರು 500 ಮಿಲಿಲೀಟರ್ ಗಾಳಿಯಲ್ಲಿ 150ರಷ್ಟು ಮೂಗು, ಗಂಟಲು, ಗಾಳಿಕೊಳವೆಗಳಲ್ಲೇ ಉಳಿದು ರಕ್ತವನ್ನು ಮುಟ್ಟದೆ ವಾಪಸಾಗುತ್ತದೆ. ಹೊರಬಿಟ್ಟ ಉಸಿರಿನ ಕೊನೆಯ ಪಾಲು ಅಲ್ಲೇ ನಿಂತಿದ್ದು, ಮುಂದಿನ ಉಸಿರಿಗೆ ಮೊದಲು ಒಳಗೆ ಹೋಗುವುದೂ ಅದೇ ಹಳಸಲು ಗಾಳಿ. ಮೂಗಿನಲ್ಲಿ ರಭಸವಾಗಿ ಹರಿಯುವ ಹೊಸ ಗಾಳಿ ಈ ಹಳಸಲನ್ನು ಬಾಯಿಂದಲೂ ಮೂಗಿನ ಸಂದಿಯಿಂದಲೂ ತೊಳೆದು ಹಾಕುತ್ತದೆ. ಅಷ್ಟೇ ಉಸಿರಿಗೆ ಹೆಚ್ಚು ಫಲ. ಅರ್ಧ ಗಂಟೆಯಲ್ಲಿ ಉಸಿರಿನ ಎಣಿಕೆ ಇಳಿಯುವುದನ್ನು ಹಾಸಿಗೆಯ ಪಕ್ಕದಲ್ಲಿ ನಿಂತೇ ನೋಡಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಗಂಟಲಲ್ಲಿ ಸಣ್ಣ ಒತ್ತಡವೂ ನಿಲ್ಲುತ್ತದೆ. ವೆಂಟಿಲೇಟರ್ ಕೊಡುತ್ತಿದ್ದುದಕ್ಕೆ ಹೋಲಿಸಿದರೆ ಅದು ಚಿಲ್ಲರೆ, ಬಾಯಿ ತೆರೆದರೆ ಅದೂ ಇಲ್ಲ. ಕಂಪನಿಗಳ ಜಾಹೀರಾತಿನಲ್ಲಿ ಇದನ್ನು ಸ್ವಲ್ಪ ಉಬ್ಬಿಸಿ ಹೇಳುತ್ತಾರೆ.

ಮೂರನೆಯದು ತೇವ. ಗೋಡೆಯ ಪೈಪಿನಿಂದ ಬರುವ ಆಮ್ಲಜನಕ ಒಣಗಿದ್ದು, ತಣ್ಣಗಿನದು. ಅದನ್ನೇ ನಿಮಿಷಕ್ಕೆ ನಲವತ್ತು ಲೀಟರ್ ಮೂಗಿಗೆ ಬಿಟ್ಟರೆ ಒಂದು ಗಂಟೆಯೂ ತಡೆಯಲಾಗದು, ಕಫ ಒಣಗಿ ಹಕ್ಕಳೆಯಾಗಿ ಕೂತುಬಿಡುತ್ತದೆ. ಆದ್ದರಿಂದ ಈ ಗಾಳಿಯನ್ನು 37 ಡಿಗ್ರಿಗೆ ಕಾಯಿಸಿ, ಒಂದು ಲೀಟರಿಗೆ 44 ಮಿಲಿಗ್ರಾಂ ನೀರಾವಿ ಬೆರೆಸಿ ಕೊಡುತ್ತಾರೆ. ಆರೋಗ್ಯವಂತನ ಮೂಗು ಸದ್ದಿಲ್ಲದೆ ಮಾಡುವ ಕೆಲಸವೇ ಇದು. ಈ ಕಲೆ ಬೆಳೆದ ಒಂದು ಮೂಲ ನ್ಯೂಜಿಲೆಂಡಿನ ಆಕ್‌ಲೆಂಡ್. 1960ರ ದಶಕದ ಕೊನೆಯಲ್ಲಿ ಅಲ್ಲಿನ ಆಸ್ಪತ್ರೆಯ ತೀವ್ರ ನಿಗಾ ವೈದ್ಯ ಮ್ಯಾಟ್ ಸ್ಪೆನ್ಸ್ ಅವರಿಗೆ ವೆಂಟಿಲೇಟರ್ ರೋಗಿಗಳ ಗಾಳಿಯನ್ನು ಒದ್ದೆ ಮಾಡುವ ಸಾಧನ ಬೇಕಿತ್ತು. ಸರ್ಕಾರಿ ಪ್ರಯೋಗಾಲಯದ ಆಲ್ಫ್ ಮೆಲ್ವಿಲ್ ಎಂಬುವರು ಹಣ್ಣು ಕೆಡದಂತೆ ಹಾಕಿಡುವ ಗಾಜಿನ ಜಾಡಿಯಿಂದ ಮೊದಲ ಮಾದರಿ ತಯಾರಿಸಿದರು. ಅದನ್ನು ಕೈಗೆತ್ತಿಕೊಂಡದ್ದು ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಮಾಡುತ್ತಿದ್ದ ಫಿಷರ್ ಅಂಡ್ ಪೈಕೆಲ್ ಕಂಪನಿ. ಇವತ್ತು ನಮ್ಮ ಬಹಳಷ್ಟು ಐಸಿಯುಗಳಲ್ಲಿ ಆ ಹೆಸರಿನ ಯಂತ್ರವನ್ನು ಕಾಣಬಹುದು. ಉಪ್ಪಿನಕಾಯಿ ಭರಣಿಯ ಅಕ್ಕನಂಥ ಜಾಡಿಯೊಂದು ಹೀಗೆ ಐಸಿಯು ಸೇರಿತು.

ಆ ಹುಡುಗನಿಗೆ ಟ್ಯೂಬ್ ಎಳೆದ ನಿಮಿಷದಲ್ಲೇ ಹೈ ಫ್ಲೋ ಹಚ್ಚಿದೆವು. ಮೂಗಿಗೆ ಸಿಕ್ಕಿಸುವ ಮೃದು ಕೊಳವೆಗಳಿಗೆ ಕ್ಯಾನುಲಾ ಎನ್ನುತ್ತೇವೆ. ಅವು ಹೊಳ್ಳೆಯನ್ನು ಅರ್ಧದಷ್ಟು ಮಾತ್ರ ತುಂಬಬೇಕು, ಹೊರಬರುವ ಗಾಳಿಗೆ ಜಾಗ ಬೇಕಲ್ಲ. ದೊಡ್ಡದು ಹಾಕಿದರೆ ಒಳ್ಳೆಯದಲ್ಲವೇ ಎಂದು ಹೊಸದಾಗಿ ಸೇರಿದವರು ಕೇಳುತ್ತಾರೆ. ಅಲ್ಲ. ಯಂತ್ರದ ಪಕ್ಕದಲ್ಲಿ ಸ್ಟೆರೈಲ್ ನೀರಿನ ಚೀಲ, ಕೆಳಗೆ ನೀರು ಕಾಯುವ ಸಣ್ಣ ಡಬ್ಬಿ, ಒಳಗೆ ಬಿಸಿ ತಂತಿ ಓಡಿದ ದಪ್ಪ ಕೊಳವೆ. ನಲವತ್ತು ಲೀಟರ್, ನಲವತ್ತು ಪ್ರತಿಶತ. 37 ಡಿಗ್ರಿ ಬಿಸಿಯೆಂದು ಮುಖ ಸಿಂಡರಿಸಿದ, 34ಕ್ಕೆ ಇಳಿಸಿದೆವು. ಆರು ದಿನದ ಮೇಲೆ ಬಂದ ಮೊದಲ ಮಾತು ಗೊಗ್ಗರು ದನಿಯಲ್ಲಿ 'ನೀರು' ಎಂದು. ನುಂಗುವುದು ಸರಿಯಾಗಿದೆಯೇ ಎಂದು ನೋಡದೆ ಕೊಡುವಂತಿಲ್ಲ. ಸಿಸ್ಟರ್ ಹತ್ತಿ ಅದ್ದಿ ತುಟಿಗೆ ಒತ್ತಿದರು. ಹೇಗನ್ನಿಸುತ್ತಿದೆ ಎಂದು ಮಾರನೆಯ ದಿನ ಕೇಳಿದಾಗ ಹೇಳಿದ: 'ಬಸ್ಸಿನ ಕಿಟಕೀಲಿ ಮುಖ ಆಚೆ ಹಾಕ್ದಂಗೈತೆ ಸಾರ್.' ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ.

ಅವನು ಚೆನ್ನಾಗಿಯೇ ಇದ್ದನಲ್ಲ, ಅವನಿಗೆ ಯಾಕೆ ಇಷ್ಟು ಉಪಚಾರ ಎಂದು ಕೇಳುವವರಿದ್ದಾರೆ. ಮೊದಲು ಸಾಮಾನ್ಯ ಮಾಸ್ಕ್ ಹಾಕೋಣ, ಉಸಿರುಗಟ್ಟಿದರೆ ಹೈ ಫ್ಲೋ ಹಾಕೋಣ ಎಂಬುದು ಮನೆ ಖರ್ಚು ತೂಗಿಸುವವರ ಸಹಜ ಲೆಕ್ಕ. ನಾನೂ ಬಹಳ ಕಾಲ ಹಾಗೇ ಮಾಡಿದೆ. ಇಲ್ಲೇ ಆ ಅಜ್ಜಿಯ ಸಂಜೆ ಬರುವುದು. 2004ರಲ್ಲಿ ಮೇಲೆ ಹೇಳಿದ ಎಸ್ಟೆಬಾನ್ ಅವರೇ ಎಂಟು ದೇಶಗಳ 37 ಕೇಂದ್ರಗಳಲ್ಲಿ ಇನ್ನೊಂದು ಅಧ್ಯಯನ ಮಾಡಿದ್ದರು. ಟ್ಯೂಬ್ ತೆಗೆದ ಮೇಲೆ ಉಸಿರಾಟ ಸೋಲತೊಡಗಿದ 221 ಜನರಲ್ಲಿ ಕೆಲವರಿಗೆ ಬಿಗಿಯಾದ ಮಾಸ್ಕಿನ ಮೂಲಕ ಯಂತ್ರದ ಒತ್ತಡ ಕೊಟ್ಟರು, ಉಳಿದವರಿಗೆ ಎಂದಿನ ಚಿಕಿತ್ಸೆ. ಮಾಸ್ಕಿನ ಗುಂಪಿನಲ್ಲಿ ಸಾವು ಹೆಚ್ಚಾಯಿತು, 14 ಪ್ರತಿಶತದ ಎದುರು 25. ಕಾರಣ ಹುಡುಕಿದರೆ, ಅವರಲ್ಲಿ ಮರಳಿ ಟ್ಯೂಬ್ ಹಾಕುವುದು ತಡವಾಗಿತ್ತು. ಒಂದು ಗುಂಪಿನಲ್ಲಿ ಎರಡೂವರೆ ಗಂಟೆಯ ಆಸುಪಾಸು, ಇನ್ನೊಂದರಲ್ಲಿ ಹನ್ನೆರಡು ಗಂಟೆ. ಮಾಸ್ಕ್ ಕೊಂದಿರಲಿಕ್ಕಿಲ್ಲ. ಮಾಸ್ಕ್ ಇದೆಯಲ್ಲ ಎಂದು ಕಾದು ಕುಳಿತದ್ದು ಕೊಂದಿತು ಎಂದೇ ನಾನು ಓದಿಕೊಂಡಿದ್ದೇನೆ. ಬಿದ್ದ ಮೇಲೆ ಊರುಗೋಲು ಕೊಡುವುದು ಬೇರೆ, ಹೆಜ್ಜೆ ಇಡುವಾಗಲೇ ಕೊಡುವುದು ಬೇರೆ.

ಹೆಜ್ಜೆ ಇಡುವಾಗಲೇ ಕೊಟ್ಟರೆ ಏನಾಗುತ್ತದೆ ಎಂದು ನೋಡಿದವರು ಸ್ಪೇನಿನ ಗೊಂಜಾಲೊ ಹೆರ್ನಾಂಡೆಜ್ ಮತ್ತು ಗೆಳೆಯರು. 2016ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಏಳು ಐಸಿಯುಗಳ 527 ರೋಗಿಗಳಿದ್ದರು, ಎಲ್ಲರೂ ಸೋಲುವ ಸಂಭವ ಕಡಿಮೆಯಿರುವವರು: 65 ದಾಟದವರು, ಹೃದಯ ನೆಟ್ಟಗಿದ್ದವರು, ಕೆಮ್ಮಬಲ್ಲವರು. ಅರ್ಧ ಜನಕ್ಕೆ ಟ್ಯೂಬ್ ತೆಗೆದ ಕೂಡಲೇ 24 ಗಂಟೆ ಹೈ ಫ್ಲೋ, ಇನ್ನರ್ಧಕ್ಕೆ ಸಾಮಾನ್ಯ ಆಮ್ಲಜನಕ. ಮೂರು ದಿನದೊಳಗೆ ಮರಳಿ ಟ್ಯೂಬ್ ಬೇಕಾದವರು ಸಾಮಾನ್ಯ ಗುಂಪಿನಲ್ಲಿ 32 ಜನ, ಹೈ ಫ್ಲೋ ಗುಂಪಿನಲ್ಲಿ 13. ಹದಿನಾಲ್ಕು ಜನರಿಗೆ ಹಚ್ಚಿದರೆ ಒಬ್ಬರಿಗೆ ಟ್ಯೂಬ್ ತಪ್ಪುತ್ತದೆ ಎಂಬ ಲೆಕ್ಕ. ನಮ್ಮ ಕಸುಬಿನಲ್ಲಿ ಇದು ಬಹಳ ಒಳ್ಳೆಯ ಲೆಕ್ಕ. ಒಂದು ತಕರಾರು ಮಾತ್ರ ಇಟ್ಟುಕೊಂಡಿದ್ದೇನೆ. ಮಾತ್ರೆಯ ಅಧ್ಯಯನದಲ್ಲಿ ಸಕ್ಕರೆ ಮಾತ್ರೆ ಕೊಟ್ಟು ಗುಟ್ಟು ಕಾಯಬಹುದು. ಇಲ್ಲಿ ಯಾರ ಮೂಗಿಗೆ ಯಾವ ಕೊಳವೆ ಎಂಬುದು ವಾರ್ಡಿಗೆಲ್ಲ ಕಾಣುತ್ತದೆ, ಮತ್ತೆ ಟ್ಯೂಬ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವವರಿಗೂ. ಅಷ್ಟು ಉಪ್ಪು ಬೆರೆಸಿಕೊಂಡೇ ನಾನು ಈ ಸಂಖ್ಯೆಯನ್ನು ಒಪ್ಪುತ್ತೇನೆ.

ಸೋಲುವ ಸಂಭವ ಹೆಚ್ಚಿರುವವರ ಕತೆ ಇಷ್ಟು ಸರಳವಲ್ಲ. ಅದೇ ತಂಡ 604 ಅಂಥ ರೋಗಿಗಳಲ್ಲಿ ಹೈ ಫ್ಲೋವನ್ನು ಬಿಗಿ ಮಾಸ್ಕಿನ ಯಂತ್ರದ ಎದುರು ನಿಲ್ಲಿಸಿದಾಗ ಎರಡೂ ಹೆಚ್ಚುಕಡಿಮೆ ಸರಿಸಮ ಎನಿಸಿದವು, ಮರಳಿ ಟ್ಯೂಬ್ ಬೇಕಾದವರು 22.8 ಮತ್ತು 19.1 ಪ್ರತಿಶತ. ಮಾಸ್ಕಿನ ಗುಂಪಿನಲ್ಲಿ ನೂರಕ್ಕೆ 43 ಜನರಲ್ಲಿ ಅದರ ತೊಂದರೆಗಳಿಗಾಗಿ ಮಾಸ್ಕ್ ಕಳಚಬೇಕಾಗಿ ಬಂದರೆ, ಹೈ ಫ್ಲೋ ಗುಂಪಿನಲ್ಲಿ ಯಾರಿಗೂ ಹಾಗಾಗಲಿಲ್ಲ. ಬಿಗಿ ಮಾಸ್ಕ್ ಹಾಕಿಕೊಂಡವರ ಮೂಗಿನ ಸೇತುವೆಯ ಮೇಲಿನ ಹುಣ್ಣು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ 2019ರಲ್ಲಿ ಫ್ರಾನ್ಸಿನ ಆರ್ನೋ ತಿಲ್ ಮತ್ತು ಜೊತೆಗಾರರು 30 ಐಸಿಯುಗಳ 641 ಜನರಲ್ಲಿ ಇನ್ನೊಂದು ದಾರಿ ನೋಡಿದರು. ಹೈ ಫ್ಲೋ ಒಂದೇ ಕೊಟ್ಟವರಲ್ಲಿ ವಾರದೊಳಗೆ 18.2 ಪ್ರತಿಶತ ಜನರಿಗೆ ಮತ್ತೆ ಟ್ಯೂಬ್ ಬೇಕಾಯಿತು. ಹೆಚ್ಚಿನ ಹೊತ್ತು ಮಾಸ್ಕ್, ಮಾಸ್ಕ್ ತೆಗೆದಾಗ ಹೈ ಫ್ಲೋ ಎಂದು ಸರದಿಯಲ್ಲಿ ಕೊಟ್ಟವರಲ್ಲಿ 11.8. ಊಟಕ್ಕೆ, ಮಾತಿಗೆ, ಮುಖ ತೊಳೆಯುವುದಕ್ಕೆ ಹೈ ಫ್ಲೋ. ವಪೆಗೆ ನಿಜವಾದ ವಿಶ್ರಾಂತಿ ಬೇಕಾದಾಗ ಮಾಸ್ಕ್. ಮುದುಕರಿಗೆ, ದುರ್ಬಲ ಹೃದಯದವರಿಗೆ, ಹಳೆಯ ದಮ್ಮಿನವರಿಗೆ ಈಗ ನಾವು ಮಾಡುವುದು ಹೀಗೆ. ಇದನ್ನು ಮುಂಚೆಯೇ ಕಲಿತಿದ್ದರೆ ಚೆನ್ನಾಗಿತ್ತು. ಯಾಕೆ ಹೇಳುತ್ತೇನೆಂದರೆ, ಒಂದು ತಪ್ಪು ಒಪ್ಪಿಕೊಳ್ಳುವುದಿದೆ.

ಅರವತ್ನಾಲ್ಕರ ಅಮ್ಮ. ಬೀಡಿ ಸಿಗರೇಟು ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿ ದಮ್ಮು ಬರಿಸಿಕೊಂಡವರು. ನಮ್ಮ ಹಳ್ಳಿಯ ಹೆಂಗಸರ ಶ್ವಾಸಕೋಶ ನೋಡುವ ವೈದ್ಯರಿಗೆಲ್ಲ ಈ ಕತೆ ಗೊತ್ತು. ಎಂಟು ದಿನದ ಮೇಲೆ ಟ್ಯೂಬ್ ತೆಗೆದೆ. ಬಿಗಿ ಮಾಸ್ಕ್ ಹಾಕಿದರೆ ಕಿತ್ತೆಸೆಯುತ್ತಿದ್ದರು, ಹೈ ಫ್ಲೋದಲ್ಲಿ ಹಾಯಾಗಿ ಮಲಗಿದ್ದರು. ಸರಿ, ಇದೇ ಇರಲಿ ಎಂದೆ. ರಾತ್ರಿ ಹತ್ತಕ್ಕೆ ಫೋನಿನಲ್ಲಿ ಸ್ಯಾಚುರೇಷನ್, ಎಂದರೆ ರಕ್ತದ ಆಮ್ಲಜನಕದ ಮಟ್ಟ, ಕೇಳಿದೆ. 94, ಉಸಿರು ನಿಮಿಷಕ್ಕೆ 32, ಆಮ್ಲಜನಕ ನಲವತ್ತು ಪ್ರತಿಶತ. ಬಾರ್ಸಿಲೋನಾದ ಓರಿಯೋಲ್ ರೋಕಾ ಅವರ ತಂಡ ಕೊಟ್ಟ 'ರಾಕ್ಸ್' ಎಂಬ ಸೂಚ್ಯಂಕವಿದೆ. ಸ್ಯಾಚುರೇಷನ್ನನ್ನು ಆಮ್ಲಜನಕದ ಪಾಲಿನಿಂದ ಭಾಗಿಸಿ, ಬಂದದ್ದನ್ನು ಉಸಿರಿನ ಎಣಿಕೆಯಿಂದ ಭಾಗಿಸುವುದು. 4.88ಕ್ಕಿಂತ ಮೇಲಿದ್ದರೆ ಭರವಸೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಏಳು ದಾಟಿತ್ತು. ಫೋನ್ ಇಟ್ಟೆ. ಆ ಸೂಚ್ಯಂಕ ಹುಟ್ಟಿದ್ದು ನ್ಯುಮೋನಿಯಾ ರೋಗಿಗಳಿಗಾಗಿ. ಅದಕ್ಕೆ ಆಮ್ಲಜನಕ ಕಾಣುತ್ತದೆ, ಇಂಗಾಲದ ಡೈಆಕ್ಸೈಡ್ ಕಾಣುವುದಿಲ್ಲ. ದಮ್ಮಿನವರು ಮುಳುಗುವುದು ಎರಡನೆಯದರಲ್ಲಿ. ಪಾಳಿಯಲ್ಲಿದ್ದ ಸಿಸ್ಟರ್ ನಡುರಾತ್ರಿಯೊಳಗೆ ಎರಡು ಸಲ ಹೇಳಿ ಕಳಿಸಿದ್ದರು: ಕತ್ತಿನ ಸ್ನಾಯು ಎಳೀತಿದೆ, ಕರೆದರೆ ಓಗೊಡೋದು ನಿಧಾನವಾಗಿದೆ ಎಂದು. ನಾನು ಫ್ಲೋ ಹತ್ತು ಲೀಟರ್ ಏರಿಸಲು ಹೇಳಿದೆ. ಬೆಳಗಿನ ಜಾವ ಟ್ಯೂಬ್ ಹಾಕುವ ಹೊತ್ತಿಗೆ ಅವರು ಎಚ್ಚರದಲ್ಲಿರಲಿಲ್ಲ. ಆ ಅಮ್ಮ ಮನೆಗೆ ಹೋಗಲಿಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದಿಂದ 2015ರಲ್ಲಿ ಬಂದ ವರದಿಯೊಂದು ನನ್ನ ಆ ರಾತ್ರಿಯನ್ನೇ ಅಂಕಿಗಳಲ್ಲಿ ಹೇಳುತ್ತದೆ. ಹೈ ಫ್ಲೋ ಸೋತು ಟ್ಯೂಬ್ ಬೇಕಾದ 175 ಜನರಲ್ಲಿ, 48 ಗಂಟೆಯೊಳಗೆ ಟ್ಯೂಬ್ ಹಾಕಿಸಿಕೊಂಡವರ ಪೈಕಿ ಐಸಿಯುನಲ್ಲೇ ತೀರಿಕೊಂಡವರು 39 ಪ್ರತಿಶತ, ಆಮೇಲೆ ಹಾಕಿಸಿಕೊಂಡವರಲ್ಲಿ 67. ಹೈ ಫ್ಲೋದಲ್ಲಿರುವ ರೋಗಿ ಒದ್ದಾಡುವುದಿಲ್ಲ. ಮುಖದ ಮೇಲೆ ಏನೂ ಇಲ್ಲದಿರುವುದರಿಂದ ನೋಡುವವರಿಗೂ ನೆಮ್ಮದಿ. ಆ ನೆಮ್ಮದಿಯೇ ನಮ್ಮನ್ನು ಮಲಗಿಸುತ್ತದೆ. ಈಗ ನಮ್ಮಲ್ಲಿ ಒಂದು ಕಟ್ಟಳೆ ಇದೆ: ಟ್ಯೂಬ್ ತೆಗೆದ ರಾತ್ರಿ ಸಿಸ್ಟರ್ ಒಂದು ಸಲ ಕರೆದರೂ ಡಾಕ್ಟರು ಹಾಸಿಗೆಯ ಪಕ್ಕ ಬಂದು ಹೊದಿಕೆ ಸರಿಸಿ ಕತ್ತು, ಹೊಟ್ಟೆ ನೋಡಬೇಕು. ಫೋನಿನಲ್ಲಿ ಫ್ಲೋ ಏರಿಸುವಂತಿಲ್ಲ.

ಇನ್ನು ಖರ್ಚಿನ ಮಾತು. 2021ರ ಏಪ್ರಿಲ್-ಮೇ ತಿಂಗಳುಗಳನ್ನು ಈ ಸಭೆಯಲ್ಲಿ ಯಾರೂ ಮರೆತಿಲ್ಲ, ಆಮ್ಲಜನಕ ಸಿಗದೆ ಆಸ್ಪತ್ರೆಯಲ್ಲಿ ರೋಗಿಗಳು ತೀರಿಕೊಂಡ ಚಾಮರಾಜನಗರದ ಆ ರಾತ್ರಿಯನ್ನಂತೂ. ಆಗ ಹೈ ಫ್ಲೋ ಎಂದರೆ ಆಮ್ಲಜನಕ ಕುಡಿಯುವ ರಾಕ್ಷಸ ಎಂಬ ಮಾತು ಬಂತು, ಆ ಹೊತ್ತಿಗೆ ಅದು ನಿಜವೂ ಆಗಿತ್ತು. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಹಿಡಿಯುತ್ತದೆ. ನಿಮಿಷಕ್ಕೆ ಅರವತ್ತು ಲೀಟರ್, ಅದೂ ನೂರಕ್ಕೆ ನೂರು ಆಮ್ಲಜನಕ ಎಂದರೆ ಒಂದು ಸಿಲಿಂಡರ್ ಎರಡು ಗಂಟೆಯೂ ಬಾರದು. ಆದರೆ ಟ್ಯೂಬ್ ತೆಗೆದ ಮೇಲಿನ ರೋಗಿಗೆ ನಾವು ಕೊಡುವುದು ನಲವತ್ತು ಲೀಟರ್, ನಲವತ್ತು ಪ್ರತಿಶತ. ಆ ನಲವತ್ತು ಲೀಟರಿನಲ್ಲಿ ಬಹುಪಾಲು ಯಂತ್ರ ತಾನೇ ಎಳೆದುಕೊಳ್ಳುವ ಕೋಣೆಯ ಗಾಳಿ, ಅದರಲ್ಲಿ ಹೇಗೂ 21 ಪ್ರತಿಶತ ಆಮ್ಲಜನಕವಿದೆ. ಲೆಕ್ಕ ಹಾಕಿದರೆ ಸಿಲಿಂಡರಿನಿಂದ ಹೋಗುವುದು ನಿಮಿಷಕ್ಕೆ ಹತ್ತು ಲೀಟರಿಗಿಂತ ಸ್ವಲ್ಪ ಕಡಿಮೆ. ಅದೇ ಸಿಲಿಂಡರ್ ಹನ್ನೆರಡು ಗಂಟೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯವರು ಕೋವಿಡ್ ಕಾಲದ ಹೆದರಿಕೆಯಿಂದ ಮೂಲೆಗೆ ತಳ್ಳಿ ಬೆಡ್‌ಶೀಟ್ ಹೊದಿಸಿಟ್ಟ ಯಂತ್ರಗಳನ್ನು ನಾನು ಕಂಡಿದ್ದೇನೆ. ಅವರಿಗೆ ಈ ಭಾಗಾಕಾರ ಮಾಡಿ ತೋರಿಸುವುದು ನನ್ನ ಈಚಿನ ಚಟ. ಅವರ ನಿಜವಾದ ಕಷ್ಟ ಬೇರೆ: ಕೊಳವೆ, ಕ್ಯಾನುಲಾಗಳು ಒಬ್ಬೊಬ್ಬರಿಗೂ ಹೊಸದು ಬೇಕು, ಅದು ಸಾವಿರಗಳ ಬಾಬ್ತು. ಆ ಹಣ ಯಂತ್ರ ಕೊಟ್ಟ ದಾನಿಗಳ ಪಟ್ಟಿಯಲ್ಲಿ ಇರುವುದಿಲ್ಲ. ಯಂತ್ರದ ಮೇಲೆ ಹೆಸರು ಬರೆಸಬಹುದು, ಕ್ಯಾನುಲಾದ ಮೇಲೆ ಜಾಗ ಸಾಲದು.

ಆ ಹುಡುಗನ ವಿಷಯ ಕೇಳುತ್ತೀರೆಂದು ಗೊತ್ತು. ಮಾರನೆಯ ಬೆಳಿಗ್ಗೆ ಮೊದಲು ಆಮ್ಲಜನಕದ ಪಾಲನ್ನು ಮೂವತ್ತಕ್ಕೆ, ಆಮೇಲೆ ಫ್ಲೋವನ್ನು ಮೂವತ್ತು, ಇಪ್ಪತ್ತು ಎಂದು ಇಳಿಸಿದೆವು. ಮಧ್ಯಾಹ್ನ ನಾವು ತೆಗೆಯುವ ಮೊದಲೇ ಅವನೇ ಕ್ಯಾನುಲಾ ಕಳಚಿ ಹಣೆಗೆ ಏರಿಸಿಕೊಂಡು ಅವರಮ್ಮ ತಂದಿದ್ದ ಗಂಜಿ ಕುಡಿಯುತ್ತಿದ್ದ. ಸ್ಯಾಚುರೇಷನ್ 98 ಇತ್ತು. ಮನೋರೋಗ ವೈದ್ಯರು ಅವನ ಜೊತೆಗೂ ಮನೆಯವರ ಜೊತೆಗೂ ಕುಳಿತು ಮಾತಾಡಿದ ಮೇಲೆಯೇ ಊರಿಗೆ ಕಳಿಸಿದೆವು.

ಸಮಯವಾಯಿತೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಹೊರಗೆ ಕಾಫಿ ಮೇಜಿನ ಪಕ್ಕ ಒಂದು ಹೈ ಫ್ಲೋ ಯಂತ್ರ ಇಟ್ಟಿದ್ದೇವೆ, ನಮ್ಮ ಸಿಸ್ಟರ್ ಇದ್ದಾರೆ. ಬರೀ ಗಾಳಿ, ಮೂವತ್ತು ಲೀಟರಿಗೆ ಇಟ್ಟಿದೆ. ಹೊಸ ಕ್ಯಾನುಲಾ ತಂದಿರುವುದು ನಾಲ್ಕೇ, ಮೂಗಿಗೆ ಹಚ್ಚಿಕೊಂಡು ನೋಡುವ ಧೈರ್ಯವಿರುವ ಮೊದಲ ನಾಲ್ವರಿಗೆ. ಉಳಿದವರು ಅಂಗೈ ಒಡ್ಡಿ ನೋಡಿ.